ಗುಂಟೆಯಷ್ಟೇ ಅಗಲದ ಪಿಕ್ಸೆಲ್



ಮಸ್ಕಿಯಲ್ಲಿ ಲಿಂಗಸುಗೂರಿನ ಬಸ್ಸು ಹತ್ತಿದವರು ಊರು ಬಿಟ್ಟು ಐದಾರು ಕಿಲೋಮೀಟರ್ ಹೋಗುವುದರೊಳಗೆ ಒಂದು ಗೆರೆ ದಾಟುತ್ತಾರೆ. ಅಲ್ಲಿ ಕಲ್ಲಿಲ್ಲ, ಫಲಕವಿಲ್ಲ. ಅದು ಉತ್ತರದ 16 ಡಿಗ್ರಿ ಅಕ್ಷಾಂಶ. ಲಿಂಗಸುಗೂರು ಅದರ ಉತ್ತರಕ್ಕಿದೆ. ಮಸ್ಕಿ ದಕ್ಷಿಣಕ್ಕಿದೆ, ಸಿಂಧನೂರು ಇನ್ನೂ ದಕ್ಷಿಣಕ್ಕೆ. ಉಳುವವರಿಗೆ ಈ ಗೆರೆಯಿಂದ ಏನೂ ಆಗಬೇಕಿಲ್ಲ. ನಕ್ಷೆ ಮಾಡುವವರಿಗೆ ಮಾತ್ರ ಇದು ದೊಡ್ಡ ಗಡಿ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಹಾಳೆಗಳಲ್ಲಿ ಲಿಂಗಸುಗೂರು 56ಡಿ ಗುಂಪಿಗೆ ಸೇರುತ್ತದೆ; ಮಸ್ಕಿ, ಸಿಂಧನೂರು 57ಎ ಗುಂಪಿಗೆ. ಹೊಸ ಸರಣಿಯಲ್ಲೂ ಗೆರೆಯ ಆಚೆಗಿನ ಹಾಳೆ ಇ43, ಈಚೆಗಿನದು ಡಿ43. ಸಿಂಧನೂರು ಪಟ್ಟಣದ ಸ್ಥಿತಿ ಇನ್ನೂ ವಿಚಿತ್ರ. ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್ ಅಳತೆಯ ಹಾಳೆಗಳು ಹದಿನೈದು ಮಿನಿಟಿಗೊಂದರಂತೆ ಕತ್ತರಿಸಿದವು. ಆ ಪಟ್ಟಣ ಇರುವುದು 15 ಡಿಗ್ರಿ 46 ಮಿನಿಟ್ ಅಕ್ಷಾಂಶ, 76 ಡಿಗ್ರಿ 45 ಮಿನಿಟ್ ರೇಖಾಂಶದ ಆಸುಪಾಸಿನಲ್ಲಿ. ನಾಲ್ಕು ಹಾಳೆಗಳ ಮೂಲೆ ಕೂಡುವ ಜಾಗಕ್ಕೆ ಅದು ಅಷ್ಟು ಹತ್ತಿರ.

ಆದ್ದರಿಂದ ನಮ್ಮ ಈ ಮೂರು ತಾಲೂಕುಗಳ ಬಗ್ಗೆ ನಕ್ಷೆಯ ಕೆಲಸಕ್ಕೆ ಕೂತವರು ಒಂದೇ ಹಾಳೆಯಿಂದ ಕೆಲಸ ಮುಗಿಸಲಾರರು. ಹಾಳೆಗೆ ಹಾಳೆ, ಹಾಳೆಗೆ ಉಪಗ್ರಹದ ಚಿತ್ರ, ಚಿತ್ರಕ್ಕೆ ಗ್ರಾಮ ನಕಾಶೆ ಜೋಡಿಸಲೇಬೇಕು. ಈ ಜೋಡಣೆಯ ಒಳಗೆ ಒಂದು ಸಣ್ಣ ಲೆಕ್ಕವಿದೆ. ನೆಲದ ಮೇಲಿನ ಒಂದು ಜಾಗ ಚಿತ್ರದ ಯಾವ ಚುಕ್ಕೆಯಲ್ಲಿ ಬೀಳುತ್ತದೆ, ಚಿತ್ರದ ಒಂದು ಚುಕ್ಕೆ ನೆಲದ ಯಾವ ಜಾಗಕ್ಕೆ ಸಲ್ಲುತ್ತದೆ ಎಂಬ ಲೆಕ್ಕ. ಕೂಡುವುದು, ಕಳೆಯುವುದು, ಭಾಗಿಸುವುದು ಗೊತ್ತಿದ್ದರೆ ಸಾಕು. ಇಷ್ಟು ಸರಳವಾದದ್ದನ್ನು ಕಂಪ್ಯೂಟರಿನವರ ಗುಟ್ಟೆಂದು ಬಿಟ್ಟುಬಿಟ್ಟಿದ್ದೇವೆ. ಹಾಗೆ ಬಿಡಬಾರದು, ಏಕೆಂದರೆ ಈಗ ನಮ್ಮ ಹೊಲಗಳನ್ನು ಪರದೆಯ ಮೇಲೆ ನೋಡಿ ಮಾತಾಡುವ ಕಾಲ ಬಂದಿದೆ. ‘ದಿಶಾಂಕ್’ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಬೆಳೆ ಸಮೀಕ್ಷೆಯ ಫೋಟೊ ಹೊಲದ ಗಡಿಯೊಳಗೆ ನಿಂತು ತೆಗೆಯಬೇಕು. ತುಂಗಭದ್ರಾ ಎಡದಂಡೆ ನಾಲೆಯ ನೀರು ಎಲ್ಲೆಲ್ಲಿ ಭತ್ತ ಬೆಳೆಸಿದೆ ಎಂಬುದನ್ನು ಉಪಗ್ರಹದ ಚಿತ್ರ ನೋಡಿ ಹೇಳಬಹುದು. ಇವೆಲ್ಲದರ ತಳದಲ್ಲಿರುವುದು ಅದೇ ಲೆಕ್ಕ.

ಚಿತ್ರ ಎಂದರೇನು ಎಂಬುದರಿಂದ ಶುರುಮಾಡೋಣ. ಉಪಗ್ರಹ ಕಳಿಸುವುದು ಅಂಕಿಗಳ ಒಂದು ದೊಡ್ಡ ಪಟ್ಟಿ, ಅಡ್ಡಸಾಲು ಮತ್ತು ಕಂಬಸಾಲುಗಳಲ್ಲಿ ಜೋಡಿಸಿದ್ದು. ಒಂದೊಂದು ಮನೆಯೂ ಒಂದು ಪಿಕ್ಸೆಲ್. ಎಣಿಕೆ ಶುರುವಾಗುವುದು ಮೇಲಿನ ಎಡ ಮೂಲೆಯಿಂದ, ಅಂದರೆ ವಾಯವ್ಯ ಮೂಲೆಯಿಂದ. ಕಂಬಸಾಲುಗಳನ್ನು ಎಡದಿಂದ ಬಲಕ್ಕೆ, ಅಡ್ಡಸಾಲುಗಳನ್ನು ಮೇಲಿಂದ ಕೆಳಕ್ಕೆ ಎಣಿಸುತ್ತಾರೆ. ಮೊದಲನೆಯದಕ್ಕೆ ಕೊಡುವ ಅಂಕಿ ಸೊನ್ನೆ. ನಕ್ಷೆಯ ಅಳತೆ ಹಾಗಲ್ಲ. ಅಲ್ಲಿ ಉತ್ತರಕ್ಕೆ ಹೋದಂತೆ ಅಂಕಿ ಏರುತ್ತದೆ. ಚಿತ್ರದ ಅಂಕಿ ಕೆಳಗಿಳಿದಂತೆ ಏರುತ್ತದೆ, ನಕ್ಷೆಯದು ಮೇಲೇರಿದಂತೆ ಏರುತ್ತದೆ. ಈ ಒಂದು ವಿರೋಧವನ್ನು ಮರೆತರೆ ಉತ್ತರದ ಊರು ದಕ್ಷಿಣಕ್ಕೆ ಬಂದು ಇಡೀ ಚಿತ್ರ ತಲೆಕೆಳಗಾಗುತ್ತದೆ.

ನಕ್ಷೆಯ ಅಂಕಿಗಳು ಎಲ್ಲಿಂದ ಬರುತ್ತವೆ? ಅಕ್ಷಾಂಶ, ರೇಖಾಂಶಗಳು ಡಿಗ್ರಿಗಳಲ್ಲಿರುತ್ತವೆ. ಹೊಲ ಅಳೆಯಲು ಡಿಗ್ರಿ ಅನುಕೂಲವಲ್ಲ. ಅದಕ್ಕೆ ಭೂಮಿಯನ್ನು ಆರಾರು ಡಿಗ್ರಿ ಅಗಲದ ಅರವತ್ತು ಪಟ್ಟಿಗಳಾಗಿ ಸೀಳಿ, ಪ್ರತಿ ಪಟ್ಟಿಯನ್ನೂ ಸಮತಟ್ಟು ಮಾಡಿ ಮೀಟರುಗಳಲ್ಲಿ ಅಳೆಯುವ ಪದ್ಧತಿ ಬಂತು. ಯುಟಿಎಂ ಎಂದು ಅದರ ಹೆಸರು. ನಾವಿರುವುದು 43ನೇ ಪಟ್ಟಿಯಲ್ಲಿ, 72ರಿಂದ 78 ಡಿಗ್ರಿ ರೇಖಾಂಶದವರೆಗೆ. ಅದರ ನಡುಗೆರೆ 75 ಡಿಗ್ರಿ, ಅದು ಹಾಯುವುದು ನಮ್ಮ ಧಾರವಾಡದ ಬಳಿಯಲ್ಲೇ. ಆ ನಡುಗೆರೆಗೆ 5,00,000 ಮೀಟರ್ ಎಂಬ ಅಂಕಿ ಕೊಟ್ಟಿದ್ದಾರೆ, ಪಶ್ಚಿಮಕ್ಕೆ ಹೋದರೂ ಋಣಸಂಖ್ಯೆ ಬರದಿರಲಿ ಎಂದು. ಹೀಗೆ ಪೂರ್ವಕ್ಕೆ ಅಳೆದ ಅಂಕಿ ಪೂರ್ವಾಂಕ; ಮಸ್ಕಿಯದು ಸುಮಾರು 6,75,600. ಅಂದರೆ ಧಾರವಾಡದ ಗೆರೆಯಿಂದ ಪೂರ್ವಕ್ಕೆ ನೂರ ಎಪ್ಪತ್ತೈದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಉತ್ತರಾಂಕ ಸುಮಾರು 17,64,900. ಸಮಭಾಜಕ ವೃತ್ತದಿಂದ ನಾವು ಅಷ್ಟು ಮೀಟರ್ ಉತ್ತರದಲ್ಲಿದ್ದೇವೆ.

ಈಗ ಲೆಕ್ಕ. ಪೆನ್ನು ಹಾಳೆ ಹತ್ತಿರವಿದ್ದರೆ ತೆಗೆದುಕೊಳ್ಳಿ. ಒಂದು ಚಿತ್ರದ ವಾಯವ್ಯ ಮೂಲೆಯ ಪೂರ್ವಾಂಕ 6,00,000, ಉತ್ತರಾಂಕ 18,00,000, ಪಿಕ್ಸೆಲಿನ ಅಗಲ ಎತ್ತರ ತಲಾ 10 ಮೀಟರ್ ಎಂದಿಟ್ಟುಕೊಳ್ಳಿ. ಮಸ್ಕಿಯಲ್ಲಿ ಒಂದು ಬಿಂದು ಹುಡುಕಬೇಕು. ಅದರ ಪೂರ್ವಾಂಕ 6,75,634, ಉತ್ತರಾಂಕ 17,64,876. ಪೂರ್ವಾಂಕದಲ್ಲಿ ಮೂಲೆಯ ಪೂರ್ವಾಂಕ ಕಳೆದರೆ 75,634. ಹತ್ತರಿಂದ ಭಾಗಿಸಿದರೆ 7563.4. ದಶಮಾಂಶ ಬಿಟ್ಟರೆ ಕಂಬಸಾಲು 7563. ಉತ್ತರಾಂಕಕ್ಕೆ ಕಳೆಯುವ ಕ್ರಮ ತಿರುವುಮುರುವು: 18,00,000ದಲ್ಲಿ 17,64,876 ಕಳೆದರೆ 35,124, ಹತ್ತರಿಂದ ಭಾಗಿಸಿದರೆ 3512.4. ಅಡ್ಡಸಾಲು 3512. ಮುಗಿಯಿತು. ಕೋಟಿಗಟ್ಟಲೆ ಪಿಕ್ಸೆಲುಗಳಲ್ಲಿ ನಮ್ಮದು ಸಿಕ್ಕಿತು.

ಹಿಂದಕ್ಕೆ ಬರುವಾಗ ಗುಣಿಸಿ ಕೂಡಬೇಕು. ಆದರೆ ಇಲ್ಲಿ ಒಂದು ಎಚ್ಚರ. 7563ನ್ನು ಹತ್ತರಿಂದ ಗುಣಿಸಿ ಕೂಡಿದರೆ ಸಿಗುವುದು ಪಿಕ್ಸೆಲಿನ ಮೂಲೆ. ಅದರ ನಡುಭಾಗ ಬೇಕಾದರೆ ಅರ್ಧ ಸೇರಿಸಿ 7563.5 ಎಂದು ಗುಣಿಸಬೇಕು. ಆಗ ಪೂರ್ವಾಂಕ 6,75,635 ಬರುತ್ತದೆ, ಉತ್ತರಾಂಕ 17,64,875. ಹೊರಟ ಬಿಂದುವಿಗೂ ಮರಳಿದ ಬಿಂದುವಿಗೂ ಒಂದೊಂದು ಮೀಟರಿನ ವ್ಯತ್ಯಾಸ. ದಶಮಾಂಶ ಕೈಬಿಟ್ಟದ್ದರ ಫಲ ಅದು. ಪಿಕ್ಸೆಲಿನ ಒಳಗಿನ ಜಾಗಗಳನ್ನು ಚಿತ್ರ ಬೇರೆ ಬೇರೆಯಾಗಿ ನೋಡಲಾರದು.

ಚಿತ್ರದ ಕಡತದ ಜತೆಗೆ ಹೋಗಬೇಕಾದ ಅಂಕಿಗಳು ಆರು: ಮೂಲೆಯ ಪೂರ್ವಾಂಕ, ಪಿಕ್ಸೆಲಿನ ಅಗಲ, ಮೂಲೆಯ ಉತ್ತರಾಂಕ, ಪಿಕ್ಸೆಲಿನ ಎತ್ತರ, ಮತ್ತು ಚಿತ್ರ ಓರೆಯಾಗಿದ್ದರೆ ಆ ಓರೆಯನ್ನು ಹೇಳುವ ಎರಡು. ನೇರವಾಗಿ ನಿಂತ ಚಿತ್ರದಲ್ಲಿ ಕೊನೆಯ ಎರಡೂ ಸೊನ್ನೆ. ಎತ್ತರದ ಅಂಕಿಗೆ ಋಣಚಿಹ್ನೆ ಇರುತ್ತದೆ, ಕೆಳಗಿಳಿದಂತೆ ಉತ್ತರಾಂಕ ಕಡಿಮೆಯಾಗುವುದರಿಂದ. 1998ರಲ್ಲಿ ಫ್ರಾಂಕ್ ವಾರ್ಮರ್‌ಡ್ಯಾಮ್ ಆರಂಭಿಸಿದ ಜಿಡಾಲ್ ಎಂಬ ಮುಕ್ತ ತಂತ್ರಾಂಶ ಭಂಡಾರ ಈ ಆರು ಅಂಕಿಗಳ ಮೇಲೆಯೇ ಕೆಲಸ ಮಾಡುತ್ತದೆ. ಯಾರು ಬೇಕಾದರೂ ಹಣವಿಲ್ಲದೆ ಹಾಕಿಕೊಳ್ಳಬಹುದಾದ ಕ್ಯುಜಿಐಎಸ್ ಕೂಡ ಚಿತ್ರ ತೆರೆಯಲು ಜಿಡಾಲನ್ನೇ ನೆಚ್ಚಿಕೊಂಡಿದೆ.

ಹತ್ತು ಮೀಟರ್ ಎಂದು ಸುಮ್ಮನೆ ಹೇಳಲಿಲ್ಲ. ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2015ರಿಂದ ಹಾರಿಸುತ್ತಿರುವ ಸೆಂಟಿನೆಲ್-2 ಉಪಗ್ರಹಗಳು ಕೊಡುವ ಚಿತ್ರದ ಪಿಕ್ಸೆಲ್ ಅಷ್ಟೇ ಅಗಲ. ಈಗ ನಮ್ಮ ಸರ್ವೆಯವರ ಅಳತೆ ನೆನೆಯಿರಿ. ಮೂವತ್ಮೂರು ಅಡಿಯ ಸರಪಳಿ, ಹದಿನಾರು ಆಣೆ. ಆ ಸರಪಳಿಯ ಉದ್ದ 10 ಮೀಟರ್ 6 ಸೆಂಟಿಮೀಟರ್. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, 1,089 ಚದರಡಿ, ಮೀಟರಿನ ಲೆಕ್ಕದಲ್ಲಿ 101 ಚದರ ಮೀಟರಿಗೆ ತುಸು ಹೆಚ್ಚು. ಪಿಕ್ಸೆಲ್ 100 ಚದರ ಮೀಟರ್. ಆಕಾಶದಲ್ಲಿ ಎಂಟುನೂರು ಕಿಲೋಮೀಟರಿಗೆ ಸ್ವಲ್ಪ ಕೆಳಗೆ ಸುತ್ತುವ ಉಪಗ್ರಹ ನಮ್ಮ ನೆಲವನ್ನು ಗುಂಟೆ ಗುಂಟೆಯಾಗಿಯೇ ನೋಡುತ್ತಿದೆ! ಇದು ಆಕಸ್ಮಿಕ, ನಿಜ. ಆದರೆ ನನಗೆ ಬಹಳ ಸಂತೋಷ ಕೊಟ್ಟ ಆಕಸ್ಮಿಕ. ಪಹಣಿಯ ಗುಂಟೆಯನ್ನು ಬಲ್ಲ ಯಾವ ರೈತರೂ ಪಿಕ್ಸೆಲಿಗೆ ಹೆದರಬೇಕಿಲ್ಲ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಪಿಕ್ಸೆಲ್ ಮೂವತ್ತು ಮೀಟರ್, ಹೆಚ್ಚು ಕಡಿಮೆ ಒಂಬತ್ತು ಗುಂಟೆ.

ಹಾಗಾದರೆ ಒಂದು ಎಕರೆಗೆ ನಲವತ್ತು ಪಿಕ್ಸೆಲ್ ಎಂದು ಎಣಿಸಿಬಿಡಬಹುದೇ? ಸಿಂಧನೂರಿನ ಯಾವುದೋ ಕ್ಯಾಂಪಿನ ಹತ್ತಿರ ಚೌಕವಾದ ಒಂದು ಎಕರೆ ಭತ್ತದ ಗದ್ದೆ ಇದೆ, ಅದರ ಬದುಗಳು ಸರಿಯಾಗಿ ಉತ್ತರ ದಕ್ಷಿಣವಾಗಿವೆ ಎಂದುಕೊಳ್ಳಿ. ಒಂದು ಬದಿಯ ಉದ್ದ ಸುಮಾರು 63.6 ಮೀಟರ್. ಗದ್ದೆ ಪಿಕ್ಸೆಲುಗಳ ಮೇಲೆ ಹೇಗೆ ಕೂತಿದೆ ಎಂಬುದನ್ನು ನೋಡಿಕೊಂಡು, ಪೂರ್ತಿ ಒಳಗೆ ಬೀಳುವ ಪಿಕ್ಸೆಲುಗಳು 25ರಿಂದ 36ರವರೆಗೆ ಇರಬಹುದು. ಉಳಿದವು ಬದು ತುಳಿದು ನಿಂತವು: ಅರ್ಧ ನಮ್ಮ ಭತ್ತ, ಅರ್ಧ ಪಕ್ಕದವರ ತೊಗರಿ, ನಡುವೆ ಬದುವಿನ ಹುಲ್ಲು, ಇಲ್ಲವೇ ನೀರಗಾಲುವೆ. ಆ ಪಿಕ್ಸೆಲುಗಳ ಬಣ್ಣ ಮೂರರ ಬೆರಕೆ. ಇವನ್ನು ನಮ್ಮದರಲ್ಲಿ ಸೇರಿಸಿದರೆ ಬೆಳೆ ಕಳಪೆಯೆಂದು ಕಾಣಬಹುದು; ಬಿಟ್ಟರೆ ನೆಲ ಕಡಿಮೆಯೆಂದು ಕಾಣಬಹುದು. ಸಣ್ಣ ಹಿಡುವಳಿದಾರರಿಗೆ ಇದು ದೊಡ್ಡ ಮಾತು. ಇಪ್ಪತ್ತು ಎಕರೆಯವರ ಹೊಲದಲ್ಲಿ ಅಂಚಿನ ಪಿಕ್ಸೆಲು ಕಣ್ಣಿಗೇ ಬೀಳುವುದಿಲ್ಲ. ಹದಿನೈದು ಗುಂಟೆಯವರ ಹೊಲ ಬಹುಪಾಲು ಅಂಚೇ.

ಇದರ ಜತೆಗೆ ಅರ್ಧ ಪಿಕ್ಸೆಲಿನ ತಪ್ಪು ಸೇರಿಕೊಳ್ಳುವುದನ್ನು ನೋಡಿ. ಚಿತ್ರದ ಆರು ಅಂಕಿಗಳನ್ನು ಬೇರೊಂದು ಚಿಕ್ಕ ಕಡತದಲ್ಲಿ ಇಡುವ ಹಳೆಯ ರೂಢಿಯೊಂದಿದೆ, ಅದಕ್ಕೆ ವರ್ಲ್ಡ್ ಫೈಲ್ ಎನ್ನುತ್ತಾರೆ. ಅದರಲ್ಲಿ ಬರೆದಿರುವುದು ಮೊದಲ ಪಿಕ್ಸೆಲಿನ ನಡುಭಾಗದ ಅಂಕಿ. ಜಿಡಾಲ್ ಇಟ್ಟುಕೊಳ್ಳುವುದು ಅದೇ ಪಿಕ್ಸೆಲಿನ ಹೊರಮೂಲೆಯ ಅಂಕಿ. ನಮ್ಮ ಉದಾಹರಣೆಯಲ್ಲಿ ಒಂದರಲ್ಲಿ 6,00,005 ಎಂದಿದ್ದರೆ ಇನ್ನೊಂದರಲ್ಲಿ 6,00,000. ಎರಡೂ ಸರಿ. ಒಂದನ್ನು ಇನ್ನೊಂದೆಂದು ಓದಿಕೊಂಡರೆ ಮಾತ್ರ ಚಿತ್ರ ಪೂರ್ತಿ ಐದು ಮೀಟರ್ ಪಕ್ಕಕ್ಕೆ, ಐದು ಮೀಟರ್ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಅದೇ ಒಂದು ಎಕರೆಯ ಗದ್ದೆ ಪೂರ್ವಕ್ಕೆ ಐದು ಮೀಟರ್ ಸರಿದರೆ ಮೂರು ಗುಂಟೆ ಪಕ್ಕದವರ ಕಡೆ ಹೋಯಿತು, ಆಚೆ ಬದಿಯ ಮೂರು ಗುಂಟೆ ನಮ್ಮದೆಂದು ಸೇರಿತು. ಒಟ್ಟು ಲೆಕ್ಕ ಸರಿಯಾಗಿಯೇ ಇರುತ್ತದೆ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಸೊನ್ನೆಯಿಂದ ಎಣಿಸಬೇಕಾದದ್ದನ್ನು ಒಂದರಿಂದ ಎಣಿಸಿದರೆ ತಪ್ಪು ಇನ್ನೂ ದೊಡ್ಡದು, ಪೂರ್ತಿ ಒಂದು ಸಾಲು, ಅಂದರೆ ಹತ್ತು ಮೀಟರ್.

ಅಕ್ಷಾಂಶ ರೇಖಾಂಶಗಳ ಕ್ರಮ ತಪ್ಪುವುದು ಇನ್ನೊಂದು. ನಾವು ಬಾಯಲ್ಲಿ ಹೇಳುವಾಗ ಅಕ್ಷಾಂಶ ಮೊದಲು. ಹೆಚ್ಚಿನ ತಂತ್ರಾಂಶಗಳಿಗೆ ಅಡ್ಡ ಅಳತೆ ಮೊದಲು ಬೇಕು, ಅಂದರೆ ರೇಖಾಂಶ. ಮಸ್ಕಿಯ 15.96 ಮತ್ತು 76.64ನ್ನು ಅದಲುಬದಲು ಮಾಡಿ ಕೊಟ್ಟರೆ ಬಿಂದು ಹೋಗಿ ಬೀಳುವುದು ಉತ್ತರ ಧ್ರುವದ ಕಡೆ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಸಮೂಹದ ದಕ್ಷಿಣ ತುದಿಯ ಬಳಿ. ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ಇರುವುದೂ ಅದೇ ದ್ವೀಪಸಮೂಹದಲ್ಲಿ. ಇಂಥ ತಪ್ಪು ಒಳ್ಳೆಯದು ಎಂದೇ ನಾನು ಹೇಳುತ್ತೇನೆ, ಏಕೆಂದರೆ ಕೂಡಲೇ ಸಿಕ್ಕಿಬೀಳುತ್ತದೆ. ಮಸ್ಕಿ ಹಿಮದಲ್ಲಿ ಕಂಡರೆ ಯಾರೂ ನಂಬುವುದಿಲ್ಲ. ಐದು ಮೀಟರಿನ ತಪ್ಪನ್ನು ಎಲ್ಲರೂ ನಂಬುತ್ತಾರೆ.

ನಡುವಣ ಗಾತ್ರದ ತಪ್ಪೊಂದಿದೆ, ಅದರ ಬೇರು ಇನ್ನೂರು ವರ್ಷ ಹಿಂದಕ್ಕೆ ಹೋಗುತ್ತದೆ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಮೊದಲ ಆಧಾರರೇಖೆ ಅಳೆದು ತ್ರಿಕೋನಗಳ ಸರ್ವೆ ಶುರುಮಾಡಿದರು. ಮುಂದೆ ಜಾರ್ಜ್ ಎವರೆಸ್ಟ್ ಅದನ್ನು ಉತ್ತರಕ್ಕೆ ಒಯ್ದರು. ಭೂಮಿಯ ಆಕಾರಕ್ಕೆ ಅವರು 1830ರಲ್ಲಿ ಕೊಟ್ಟ ಅಳತೆಯ ಮೇಲೆ ನಮ್ಮ ಹಳೆಯ ಹಾಳೆಗಳೆಲ್ಲ ನಿಂತಿವೆ. ಜಿಪಿಎಸ್ ನಿಂತಿರುವುದು ಬೇರೆ ಅಳತೆಯ ಮೇಲೆ, ಡಬ್ಲ್ಯುಜಿಎಸ್ 84. ಎರಡರಲ್ಲೂ ಅಕ್ಷಾಂಶ ರೇಖಾಂಶ ಎಂದೇ ಬರೆಯುತ್ತಾರೆ. ಆದರೆ ಒಂದೇ ಕಲ್ಲಿಗೆ ಎರಡೂ ಕೊಡುವ ಅಂಕಿಗಳು ಬೇರೆ. ನಮ್ಮ ಭಾಗದಲ್ಲಿ ಆ ಅಂತರ ನೂರು ಮೀಟರಿಗೂ ಹೆಚ್ಚು. ಹಳೆಯ ಹಾಳೆಯ ಅಂಕಿಯನ್ನು ಪರಿವರ್ತಿಸದೆ ಫೋನಿನ ನಕ್ಷೆಯ ಮೇಲೆ ಇಟ್ಟರೆ ಒಂದು ಎಕರೆಯ ಹೊಲ ಪೂರ್ತಿಯಾಗಿ ಎದ್ದು ಬೇರೊಬ್ಬರ ಸರ್ವೆ ನಂಬರಿನಲ್ಲಿ ಕೂರುತ್ತದೆ. ಪಿಕ್ಸೆಲಿನ ಲೆಕ್ಕ ಅಣು ಮಾತ್ರವೂ ತಪ್ಪಿರುವುದಿಲ್ಲ.

ಗ್ರಾಮ ನಕಾಶೆಗೆ ಬರೋಣ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. ಬಟ್ಟೆಗೆ ಅಂಟಿಸಿದ, ಮಡಿಕೆಯಲ್ಲಿ ಸವೆದ ಹಳೆಯ ನಕಾಶೆಯನ್ನು ಸ್ಕ್ಯಾನ್ ಮಾಡಿದರೆ ಅದೂ ಪಿಕ್ಸೆಲುಗಳ ಪಟ್ಟಿಯೇ. ಆದರೆ ಅದಕ್ಕೆ ಆ ಆರು ಅಂಕಿಗಳು ಹುಟ್ಟಿನಿಂದ ಬಂದಿರುವುದಿಲ್ಲ. ನಾವು ಹುಡುಕಿ ಕೊಡಬೇಕು. ನಕಾಶೆಯಲ್ಲೂ ನೆಲದಲ್ಲೂ ಖಚಿತವಾಗಿ ಗುರುತಿಸಬಹುದಾದ ಬಿಂದುಗಳನ್ನು ಆರಿಸಿ, ನೆಲದ ಮೇಲೆ ನಿಂತು ಅಳೆದು, ಚಿತ್ರದ ಸಾಲುಗಳಿಗೆ ಹೊಂದಿಸಬೇಕು. ಆರು ಅಂಕಿ ಪಡೆಯಲು ಮೂರು ಬಿಂದು ಸಾಕು. ಮೂರಕ್ಕೇ ನಿಲ್ಲಿಸಿದರೆ ಮಾತ್ರ ತಪ್ಪು ಎಷ್ಟೆಂದು ತಿಳಿಯುವ ದಾರಿಯೇ ಇರುವುದಿಲ್ಲ. ನಾಲ್ಕನೆಯದು, ಐದನೆಯದು ಸೇರಿದಾಗ ಬಿಂದುಗಳು ಒಂದಕ್ಕೊಂದು ಒಪ್ಪುತ್ತವೋ ಇಲ್ಲವೋ ಗೊತ್ತಾಗುತ್ತದೆ.

ಯಾವ ಬಿಂದು? ಮೂರು ಊರುಗಳ ಗಡಿ ಕೂಡುವ ಕಲ್ಲು ಒಳ್ಳೆಯದು. ಹಳೆಯ ಕಲ್ಲುಕಟ್ಟಿನ ಬಾವಿ, ಅಲುಗಾಡದ ಗುಡಿ ಒಳ್ಳೆಯವು. ಹಳ್ಳದ ತಿರುವು ಬೇಡ, ಅದು ಸರಿಯುತ್ತದೆ. ಅಗಲಗೊಂಡ ರಸ್ತೆಯ ಅಂಚು ಬೇಡ. ನಮ್ಮ ಎರೆ ಭೂಮಿಯಲ್ಲಿ ಬಾಂದುಕಲ್ಲನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಮಣ್ಣಿನಲ್ಲಿ ಕಲ್ಲು ವಾಲುತ್ತದೆ, ಟ್ರ್ಯಾಕ್ಟರ್ ಬಂದ ಮೇಲೆ ಕಿತ್ತೂ ಹೋಗುತ್ತದೆ. ಮಸಾರಿ ಭಾಗದಲ್ಲಿ, ಲಿಂಗಸುಗೂರಿನ ಕಡೆಯ ಬಂಡೆಗಲ್ಲಿನ ನೆಲದಲ್ಲಿ ಕಲ್ಲುಗಳು ಹೆಚ್ಚು ಸ್ಥಿರ. ಇದನ್ನು ಯಾವ ತಂತ್ರಾಂಶವೂ ಹೇಳಿಕೊಡುವುದಿಲ್ಲ. ಊರಿನ ಹಿರಿಯರು, ಹದ್ದುಬಸ್ತಿಗೆ ಬರುವ ಭೂಮಾಪಕರು ಹೇಳಬಲ್ಲರು. ಅವರನ್ನು ಕೇಳದೆ ಕಚೇರಿಯಲ್ಲಿ ಕೂತು ಚಿತ್ರಕ್ಕೆ ಚಿತ್ರ ಹೊಂದಿಸಿದ ನಕಾಶೆಯನ್ನು ನಾನು ನಂಬುವುದಿಲ್ಲ.

ಇನ್ನೊಂದು ಮಾತು. ನಕಾಶೆಯ ಬಟ್ಟೆ ಎಲ್ಲ ಕಡೆಯೂ ಒಂದೇ ಸಮ ಹಿಗ್ಗಿರುವುದಿಲ್ಲ. ಆಗ ಆರು ಅಂಕಿಗಳು ಸಾಲದೆ ರಬ್ಬರಿನಂತೆ ಎಳೆದು ಕೂರಿಸುವ ವಿಧಾನ ಬಳಸುತ್ತಾರೆ. ಕೆಲವು ವಿಧಾನಗಳಲ್ಲಿ ಕೊಟ್ಟ ಬಿಂದುಗಳೆಲ್ಲ ಕರಾರುವಾಕ್ಕಾಗಿ ಕೂತು, ತಪ್ಪು ಸೊನ್ನೆ ಎಂದು ಪರದೆ ತೋರಿಸುತ್ತದೆ. ಆ ಸೊನ್ನೆ ಸುಳ್ಳು ಭರವಸೆ. ಬಿಂದುಗಳ ನಡುವಿನ ಹೊಲಗಳು ಎಲ್ಲಿಗೆ ಎಳೆದುಹೋದವೋ ಅದು ಹೇಳುವುದಿಲ್ಲ. ಕೆಲವು ಬಿಂದುಗಳನ್ನು ಹೊಂದಿಸಲು ಬಳಸದೆ ಬೇರೆಯಾಗಿ ಇಟ್ಟುಕೊಂಡು, ಕೊನೆಯಲ್ಲಿ ಅವುಗಳಿಂದ ಪರೀಕ್ಷಿಸುವುದೊಂದೇ ಪ್ರಾಮಾಣಿಕ ದಾರಿ. ಸರ್ವೆಯ ಟಿಪ್ಪಣಿಯಲ್ಲಿ ಸರಪಳಿ ಹಿಡಿದು ಬರೆದ ಉದ್ದಗಳೂ ಇವೆ. ಅವಕ್ಕೂ ಹೋಲಿಸಿ ನೋಡಬೇಕು. ಎಳೆದು ಕೂರಿಸಿದ ಗೆರೆಗಿಂತ ಅಳೆದು ಬರೆದ ಉದ್ದಕ್ಕೆ ಬೆಲೆ ಹೆಚ್ಚು.

ನಾಲೆಯವರಿಗೆ ಇವೆಲ್ಲಕ್ಕಿಂತ ಬೇರೆಯದೇ ನಿರ್ದೇಶಾಂಕವಿದೆ. ತುಂಗಭದ್ರಾ ಎಡದಂಡೆ ನಾಲೆಯಲ್ಲಿ ಜಾಗವನ್ನು ಹೇಳುವುದು ಮೈಲಿನಿಂದ. 69ನೇ ಮೈಲಿನ ಗೇಜು, 104ನೇ ಮೈಲಿನ ಗೇಜು ಎಂದರೆ ಇಲ್ಲಿನ ಎಲ್ಲರಿಗೂ ಅರ್ಥವಾಗುತ್ತದೆ. ಅಲ್ಲಿ ಎಷ್ಟು ಅಡಿ ನೀರು ನಿಂತಿದೆ ಎಂಬುದರ ಮೇಲೆ ಕೊನೆಭಾಗದವರ ಭತ್ತ ನಿಂತಿದೆ. ಮುಂದೆ ಉಪಕಾಲುವೆಯ ನಂಬರು, ತೂಬಿನ ನಂಬರು. ನಾಲೆಯ ಗುಂಟ ಅಳೆದ ಒಂದೇ ಅಂಕಿ ಸಾಕು, ಎರಡು ಬೇಡ. ಉಪಗ್ರಹದ ಚಿತ್ರದಲ್ಲಿ ಹಸಿರು ಕಂಡ ಜಾಗವನ್ನು ನೀರಾವರಿಯವರ ಭಾಷೆಗೆ ತರಬೇಕಾದರೆ ಪಿಕ್ಸೆಲಿನಿಂದ ಮೀಟರಿಗೆ, ಮೀಟರಿನಿಂದ ಮೈಲಿಗೆ, ಮೈಲಿನಿಂದ ತೂಬಿಗೆ ಬರಬೇಕು. ಕೊನೆಯ ಆ ಹೆಜ್ಜೆ ಇಡದ ನಕ್ಷೆ ಕೊನೆಭಾಗದ ರೈತರ ಕೈಗೆ ಬಂದರೂ ಉಪಯೋಗಕ್ಕೆ ಬಾರದು.

ಜಾಗವನ್ನು ಅಂಕಿಗಳಲ್ಲಿ ಹೇಳುವುದು ಇತಿಹಾಸ ಹುಡುಕುವವರಿಗೂ ಬೇಕು. ಮಸ್ಕಿಯ ಹೆಸರು ಲೋಕಕ್ಕೆ ತಿಳಿದದ್ದು 1915ರಲ್ಲಿ, ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅಶೋಕನ ಹೆಸರಿರುವ ಶಾಸನವನ್ನು ಕಂಡಾಗ. ಅದಕ್ಕೂ ಮುಂಚೆ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಪ್ರಾಚೀನ ನೆಲೆಗಳನ್ನು ಮಾತಿನಲ್ಲಿ ವಿವರಿಸಿದ್ದರು; ಆಮೇಲೆ 1954ರಲ್ಲಿ ಬಿ. ಕೆ. ಥಾಪರ್ ಉತ್ಖನನ ಮಾಡಿದರು. ಇತ್ತೀಚೆಗೆ ಆ್ಯಂಡ್ರ್ಯೂ ಬೌರ್ ಮತ್ತು ಪೀಟರ್ ಜೊಹಾನ್ಸೆನ್ ನೇತೃತ್ವದಲ್ಲಿ ಮಸ್ಕಿಯ ಸುತ್ತಲಿನ ನೆಲದ ವ್ಯವಸ್ಥಿತ ಸಮೀಕ್ಷೆ ನಡೆದಿದೆ. ‘ಗುಡ್ಡದ ಪೂರ್ವಕ್ಕೆ, ಬಂಡೆಯ ಹತ್ತಿರ’ ಎಂಬ ಹಳೆಯ ವಿವರಣೆ ಓದಿ ಜಾಗ ಹುಡುಕುವವರ ಕಷ್ಟ ಅಪಾರ. ಒಂದು ಮಡಕೆ ಚೂರಿನ ಜಾಗವನ್ನು ಅಂಕಿಗಳಲ್ಲಿ ಬರೆದಿಟ್ಟರೆ ಮುಂದಿನ ತಲೆಮಾರು ಅದೇ ಜಾಗಕ್ಕೆ ಮರಳಬಹುದು. ಯಾವ ಅಳತೆಯ ಅಂಕಿ ಎಂದೂ ಜತೆಗೇ ಬರೆದಿರಬೇಕು ಅಷ್ಟೆ.

ಫೋನಿನ ನಕ್ಷೆಯ ಮೇಲೆ ನಾವು ಬೆರಳಿಟ್ಟಾಗಲೂ ನಡೆಯುವುದು ಪಿಕ್ಸೆಲಿನ ಅದೇ ಲೆಕ್ಕ. ಪರದೆಯ ಪಿಕ್ಸೆಲ್ ಮೊದಲು ನಕ್ಷೆಯ ಅಂಕಿಯಾಗುತ್ತದೆ, ಆಮೇಲೆ ಅಕ್ಷಾಂಶ ರೇಖಾಂಶ. ಅಲ್ಲಿ ಇಡೀ ಭೂಮಿಯನ್ನು 256 ಪಿಕ್ಸೆಲಿನ ಒಂದು ಚೌಕದಲ್ಲಿ ಹಿಡಿಸಿ, ಹತ್ತಿರಕ್ಕೆ ತಂದ ಪ್ರತಿ ಹೆಜ್ಜೆಗೂ ಎರಡು ಪಟ್ಟು ಹಿಗ್ಗಿಸುತ್ತಾರೆ. ಹದಿನೆಂಟನೆಯ ಹೆಜ್ಜೆಯಲ್ಲಿ ನಮ್ಮ ಅಕ್ಷಾಂಶದಲ್ಲಿ ಒಂದು ಪಿಕ್ಸೆಲ್ ಅರವತ್ತು ಸೆಂಟಿಮೀಟರಿಗೂ ಕಡಿಮೆ. ಹಾಗೆಂದು ಬೆರಳಿಟ್ಟ ಜಾಗ ಅಷ್ಟು ಖಚಿತ ಎಂದಲ್ಲ. ತೆರೆದ ಬಯಲಿನಲ್ಲೂ ಫೋನಿನ ಜಿಪಿಎಸ್ ಐದು ಮೀಟರಿನಷ್ಟು ಆಚೀಚೆ ಹೇಳುವುದು ಸಹಜ. ಬದುವಿನ ಮೇಲೆ ನಿಂತು ‘ನಾನು ಯಾರ ಹೊಲದಲ್ಲಿದ್ದೇನೆ’ ಎಂದು ಫೋನನ್ನು ಕೇಳಬಾರದು. ಹೊಲದ ನಡುವೆ ನಿಂತು ಕೇಳಿ.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಾಲೇಜುಗಳ ಮಕ್ಕಳು ಈ ಕೆಲಸವನ್ನು ಇವತ್ತೇ ಶುರುಮಾಡಬಹುದು. ತಂತ್ರಾಂಶಕ್ಕೂ ಸೆಂಟಿನೆಲ್ ಚಿತ್ರಕ್ಕೂ ದುಡ್ಡು ಕೊಡಬೇಕಿಲ್ಲ. ಹೊಲದ ನಾಲ್ಕು ಮೂಲೆಗಳ ಅಂಕಿ ಬರೆದುಕೊಂಡು ಮೇಲೆ ಹೇಳಿದಂತೆ ಕೈಯಲ್ಲೇ ಸಾಲು ಲೆಕ್ಕ ಮಾಡಿ, ಆಮೇಲೆ ತಂತ್ರಾಂಶದ ಉತ್ತರಕ್ಕೆ ಹೋಲಿಸಿ. ಕಚೇರಿಗಳು ಕೊಡುವ ಪ್ರತಿ ನಕ್ಷೆಯ ಅಂಚಿನಲ್ಲೂ ಮೂರು ವಿಷಯ ಅಚ್ಚಾಗಿರಬೇಕೆಂದು ನನ್ನ ಬೇಡಿಕೆ: ಭೂಮಿಯ ಯಾವ ಅಳತೆ, ಎಷ್ಟು ಬಿಂದುಗಳಿಂದ ಹೊಂದಿಸಿದ್ದು, ಪರೀಕ್ಷೆಯ ಬಿಂದುಗಳಲ್ಲಿ ಎಷ್ಟು ಮೀಟರ್ ತಪ್ಪು. ಅಷ್ಟು ಬರೆಯಲು ಒಂದು ಸಾಲು ಸಾಕು. ಬೆಳೆ ನಷ್ಟಕ್ಕೋ ಗಡಿ ತಕರಾರಿಗೋ ಚಿತ್ರವನ್ನು ಮುಂದಿಟ್ಟಾಗ ರೈತರು ಮೊದಲು ಆ ಸಾಲನ್ನು ಕೇಳಲಿ, ಮತ್ತು ಅಂಚಿನ ಪಿಕ್ಸೆಲುಗಳನ್ನು ಒಳಗೆ ಸೇರಿಸಿದ್ದಾರೋ ಹೊರಗೆ ಬಿಟ್ಟಿದ್ದಾರೋ ಎಂದು ಕೇಳಲಿ.